ಪಾರ್ಟು, ಅಸೆಂಬ್ಲಿ, ಮರ: ಕ್ಯಾಡ್ ವಿನ್ಯಾಸದಲ್ಲಿ ಬಿಡಿಭಾಗಗಳ ವ್ಯವಸ್ಥೆ

ಕಂಪ್ಯೂಟರಿನಲ್ಲಿ ವಸ್ತುಗಳನ್ನು ವಿನ್ಯಾಸಗೊಳಿಸುವ ಕ್ಯಾಡ್ ತಂತ್ರಾಂಶಗಳಲ್ಲಿ ಯಂತ್ರದ ಬಿಡಿ ತುಂಡಿಗೆ ಪಾರ್ಟು ಎಂದೂ, ತುಂಡುಗಳು ಕೂಡಿ ಆದದ್ದಕ್ಕೆ ಅಸೆಂಬ್ಲಿ ಎಂದೂ ಹೆಸರು. ಅಸೆಂಬ್ಲಿಯ ಹೊಟ್ಟೆಯೊಳಗೆ ಇನ್ನೊಂದು ಅಸೆಂಬ್ಲಿ ಇರಬಹುದು. ಅದಕ್ಕೆ ಉಪಜೋಡಣೆ ಎನ್ನೋಣ. ಇವೆಲ್ಲ ಪರದೆಯ ಎಡಮಗ್ಗುಲಲ್ಲಿ ಬುಡ ಮೇಲಾಗಿ, ಕೊಂಬೆ ಕೆಳಗಾಗಿ ಇಳಿಯುವ ಒಂದು ಪಟ್ಟಿಯಾಗಿ ಕಾಣುತ್ತವೆ. ಆ ಪಟ್ಟಿಗೆ ಮರ ಎಂಬ ಹೆಸರು ನಿಂತಿದೆ. ಹೊಸದಾಗಿ ಕಲಿಯುವವರು ಈ ಮರವನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಣ್ಣೆಲ್ಲ ಬಲಗಡೆ ತಿರುಗುವ ಚಿತ್ರದ ಮೇಲೆ. ಚಿತ್ರ ಸರಿಯಿದ್ದು ಮರ ಕೆಟ್ಟಿದ್ದರೆ ಮೊದಲ ದಿನ ಯಾರಿಗೂ ಗೊತ್ತಾಗುವುದಿಲ್ಲ. ಮೂರು ತಿಂಗಳ ಮೇಲೆ ಒಂದು ಅಳತೆ ತಿದ್ದಬೇಕಾಗಿ ಬಂದ ದಿನ ಗೊತ್ತಾಗುತ್ತದೆ. ಆದ್ದರಿಂದ ಮರವನ್ನು ಕಟ್ಟುವಾಗ ವಸ್ತು ಹೇಗೆ ಕಾಣುತ್ತದೆ ಎಂದು ಕೇಳಿಕೊಂಡರೆ ಸಾಲದು. ಅದರಲ್ಲಿ ಯಾವುದು ಯಾವುದರ ಜೊತೆ ಬದಲಾಗುತ್ತದೆ, ಯಾರ ಕೈಯಲ್ಲಿ ಬದಲಾಗುತ್ತದೆ ಎಂಬುದೇ ಮೊದಲ ಪ್ರಶ್ನೆಯಾಗಬೇಕು. ತಂತ್ರಾಂಶ ಯಾವುದೇ ಇರಲಿ, ಈ ಮಾತು ಅದಕ್ಕೆ ಸಲ್ಲುತ್ತದೆ.

ಉದಾಹರಣೆಗೆ ಜೆಟ್ ವಿಮಾನದವರೆಗೆ ಹೋಗುವ ಅಗತ್ಯವಿಲ್ಲ. ರಾಮದುರ್ಗ ತಾಲೂಕಿನ ಸಾಲಹಳ್ಳಿಯಂಥ ಊರಿನಲ್ಲಿ, ಹಾಗೆಯೇ ಸವದತ್ತಿ, ಬೈಲಹೊಂಗಲದ ಎರೆಹೊಲಗಳಲ್ಲಿ ಬಳಕೆಯಾಗಿ ಬಂದ ಕುಂಟೆಯನ್ನೇ ತೆಗೆದುಕೊಳ್ಳಬಹುದು. ಆಡುಮಾತಿನಲ್ಲಿ ಅದು ಕುಂಟಿ. ಅಡ್ಡಕ್ಕೆ ಒಂದು ದಪ್ಪ ದಿಂಡು, ಸಾಮಾನ್ಯವಾಗಿ ಜಾಲಿ ಮರದ್ದು. ದಿಂಡಿನಿಂದ ಕೆಳಗಿಳಿದ ಎರಡು ತಾಳು. ತಾಳುಗಳ ತುದಿಗೆ ಬಿಗಿದ ಕಬ್ಬಿಣದ ಕುಡ. ಮಣ್ಣಿನೊಳಗೆ ಮಲಗಿಕೊಂಡು ಸಾಗಿ ಕಸದ ಬೇರು ಕೊಯ್ಯುವುದು ಇದೇ. ದಿಂಡಿನಿಂದ ಮುಂದಕ್ಕೆ ಚಾಚಿದ ಈಸು, ಹಿಂದೆ ಕೈಗೆ ಸಿಗುವ ಮೇಳಿ, ಈಸಿನ ತುದಿಗೆ ಹಗ್ಗದಿಂದ ಕಟ್ಟಿದ ನೊಗ. ಕ್ಯಾಡ್ ಗೊತ್ತಿರುವವರು ಇದನ್ನು ಒಂದು ಮಧ್ಯಾಹ್ನದಲ್ಲಿ ರಚಿಸಿಯಾರು. ಆದರೆ ಪಾರ್ಟುಗಳು ಎಷ್ಟು? ಆಕಾರ ನೋಡಿ ಎಣಿಸುವವರು ದಿಂಡು ಮತ್ತು ತಾಳುಗಳನ್ನು ಒಂದೇ ಘನವಾಗಿ ಎಬ್ಬಿಸಿಬಿಡುತ್ತಾರೆ, ಕುಡವನ್ನೂ ಅದಕ್ಕೇ ಅಂಟಿಸಿದರೂ ಅಂಟಿಸಿಯಾರು. ಚಿತ್ರದಲ್ಲಿ ಏನೂ ವ್ಯತ್ಯಾಸ ಕಾಣದು. ಕುಂಟೆ ಮಾಡಿಸುವವನ ಲೆಕ್ಕ ಬೇರೆ. ಕುಡ ಕಮ್ಮಾರನ ಕುಲುಮೆಯಿಂದ ಬರುತ್ತದೆ, ದಿಂಡು ಬಡಿಗನ ಉಳಿಯಿಂದ. ಕುಡ ಸವೆಯುತ್ತದೆ, ಮತ್ತೆ ಮತ್ತೆ ತಟ್ಟಿಸಿಕೊಂಡು ಬರಬೇಕು. ದಿಂಡು ಎಷ್ಟೋ ಹಂಗಾಮು ಬಾಳುತ್ತದೆ. ತಾಳು ಮುರಿದರೆ ತಾಳನ್ನಷ್ಟೇ ಬೆಣೆ ಬಡಿದು ಬದಲಿಸುತ್ತಾರೆ. ಬಿಚ್ಚಿದಾಗ ಒಂದಾಗಿ ಕೈಗೆ ಬರುವುದು, ಒಬ್ಬನ ಕೈಯಲ್ಲಿ ಒಂದೇ ಸಾಮಗ್ರಿಯಿಂದ ಆಗುವುದು, ಸವೆದರೆ ಒಂದಾಗಿ ಬದಲಾಗುವುದು: ಈ ಮೂರೂ ಕೂಡಿದಲ್ಲಿ ಪಾರ್ಟಿನ ಗಡಿ ಇದೆ. ಈ ಲೆಕ್ಕದಲ್ಲಿ ದಿಂಡು, ತಾಳು, ಕುಡ, ಈಸು, ಮೇಳಿ, ನೊಗ ಎಲ್ಲವೂ ಬೇರೆ ಬೇರೆ. ಎರಡು ತಾಳು ಮಾತ್ರ ಒಂದೇ ಪಾರ್ಟಿನ ಎರಡು ರೂಪ.

ಈ ‘ಒಂದೇ ಪಾರ್ಟಿನ ಎರಡು ರೂಪ’ ಎಂಬಲ್ಲಿ ಕ್ಯಾಡ್‌ನ ಒಂದು ಮೂಲ ಉಪಾಯವಿದೆ. ವ್ಯಾಖ್ಯೆ ಒಂದು, ಅದರ ಹಾಜರಿ ಹಲವು. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವಾನ್ ಸದರ್ಲ್ಯಾಂಡ್ ತಮ್ಮ ಪಿಎಚ್‌ಡಿಗಾಗಿ ರಚಿಸಿದ ಸ್ಕೆಚ್‌ಪ್ಯಾಡ್‌ನಲ್ಲೇ ಇದು ಇತ್ತು. ಅದರಲ್ಲಿ ಒಂದು ಮೂಲಚಿತ್ರ ಬರೆದು ಪರದೆಯ ಮೇಲೆ ಎಷ್ಟು ಕಡೆ ಬೇಕಾದರೂ ಅದರ ಪ್ರತಿರೂಪ ಇಡಬಹುದಿತ್ತು; ಮೂಲವನ್ನು ತಿದ್ದಿದರೆ ಪ್ರತಿರೂಪಗಳೆಲ್ಲ ತಾವಾಗಿ ತಿದ್ದಿಕೊಳ್ಳುತ್ತಿದ್ದವು. ಮುಂದೆ ಬಂದ ಕಾಟಿಯಾ, ಪ್ರೊ ಎಂಜಿನಿಯರ್, 1995ರ ಸಾಲಿಡ್‌ವರ್ಕ್ಸ್, ಎಲ್ಲವೂ ಇದೇ ತಳಹದಿಯ ಮೇಲೆ ನಿಂತಿವೆ. ಮುಕ್ತ ತಂತ್ರಾಂಶವಾದ ಫ್ರೀಕ್ಯಾಡ್‌ನಲ್ಲಿ ಈ ಕೆಲಸ ಮಾಡುವುದಕ್ಕೆ ಲಿಂಕ್ ಎಂಬ ವಸ್ತು ಇದೆ. ನಮ್ಮ ಕುಂಟೆಗೂ ಬಿತ್ತುವ ಕೂರಿಗೆಗೂ ಒಂದೇ ನೊಗ ನಡೆಯುತ್ತದೆ. ಎರಡು ಅಸೆಂಬ್ಲಿಗೂ ನೊಗವನ್ನು ಕಾಪಿ ಹೊಡೆದರೆ ಎರಡು ನೊಗಗಳಾದವು. ಒಂದರಲ್ಲಿ ತೂತಿನ ಜಾಗ ತಿದ್ದಿ ಇನ್ನೊಂದನ್ನು ಮರೆಯುವುದು ಖಂಡಿತ. ಕಾಪಿ ಹೊಡೆಯುವುದು ಎಷ್ಟು ಸುಲಭವೋ ಅಷ್ಟೇ ಕೆಟ್ಟದ್ದು. ನೊಗದ ಫೈಲು ಎರಡಕ್ಕೂ ಹೊರಗೆ, ತನ್ನದೇ ಜಾಗದಲ್ಲಿ ಇದ್ದು, ಎರಡೂ ಅಸೆಂಬ್ಲಿಗಳು ಅದರತ್ತ ಬೆರಳು ತೋರಿಸುವುದು ಸರಿಯಾದ ಏರ್ಪಾಡು. ಬೆಳೆಯ ಸಾಲುಗಳ ನಡುವಣ ಕಸ ತೆಗೆಯಲು ಎಡೆ ಹೊಡೆಯುವಾಗ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಜೋಡಿ ಎತ್ತಿನ ಒಂದೇ ನೊಗಕ್ಕೆ ಎರಡು ಎಡೆಕುಂಟೆ ಕಟ್ಟುವ ರೂಢಿ ಇದೆ. ಪ್ರತಿ ಎಡೆಕುಂಟೆಯಲ್ಲೂ ಉದ್ದ ಕುಡದ ಬದಲು ಎಡಕ್ಕೊಂದು ಬಲಕ್ಕೊಂದು ಚಿಕ್ಕ ಕುಡ, ನಡುವೆ ಬೆಳೆಯ ಸಾಲು ಸುಗಮವಾಗಿ ದಾಟಿಹೋಗಲು ಸಂದು. ಮರದಲ್ಲಿ ಇದು ಎಡೆಕುಂಟೆ ಎಂಬ ಒಂದೇ ಉಪಜೋಡಣೆ, ಎರಡು ಹಾಜರಿ. ಚಿಕ್ಕ ಕುಡವೂ ಒಂದೇ, ಇನ್ನೊಂದು ಅದರ ಕನ್ನಡಿಬಿಂಬ. ಆದರೆ ನೊಗ ಮಾತ್ರ ಉದ್ದ ಬೇಕು. ಅದನ್ನು ಹೊಸ ಪಾರ್ಟು ಎನ್ನಬೇಕೋ, ಹಳೆಯದರ ಬೇರೊಂದು ಅಳತೆ ಎನ್ನಬೇಕೋ? ಬಹುತೇಕ ತಂತ್ರಾಂಶಗಳು ಒಂದೇ ಫೈಲಿನಲ್ಲಿ ಅಳತೆಯ ಕೋಷ್ಟಕ ಇಟ್ಟು ಹಲವು ರೂಪ ಹೊರಡಿಸಲು ಬಿಡುತ್ತವೆ. ಉದ್ದವಷ್ಟೇ ಬೇರೆಯಾಗಿದ್ದರೆ ಅದು ಸರಿ. ತೂತುಗಳ ಸಂಖ್ಯೆ, ಹಗ್ಗ ಕಟ್ಟುವ ಕಚ್ಚು ಎಲ್ಲವೂ ಬೇರೆಯಾಗತೊಡಗಿದರೆ ಕೋಷ್ಟಕದ ಮೋಹ ಬಿಟ್ಟು ಬೇರೆ ಪಾರ್ಟು ಮಾಡುವುದೇ ವಾಸಿ.

ಇಲ್ಲಿಯವರೆಗಿನ ಮಾತಿಗೆಲ್ಲ ಕಷ್ಟ ಕೊಡುವ ಒಂದು ಅಳತೆ ಇದೆ: ಸಾಲಿನಿಂದ ಸಾಲಿಗೆ ಇರುವ ದೂರ. ಹಿಂಗಾರಿ ಜೋಳಕ್ಕೆ ಶಿಫಾರಸಾದ ಅಂತರ 45 ಸೆಂಟಿಮೀಟರ್, ಕಡಲೆಗೆ 30. ನಾಲ್ಕು ತಾಳಿನ ಕೂರಿಗೆಯಲ್ಲಿ ಜೋಳ ಬಿತ್ತುವುದಾದರೆ ಮೊದಲ ತಾಳಿನಿಂದ ಕೊನೆಯ ತಾಳಿಗೆ 135 ಸೆಂಟಿಮೀಟರ್, ಕಡಲೆಗಾದರೆ 90. ಬೀಜ ಸುರಿಯುವ ಬಟ್ಟಲಿನಿಂದ ತಾಳಿಗೆ ಇಳಿಯುವ ಬಿದಿರ ಕೊಳವೆಗಳ ಓರೆ ಅದರಂತೆ ಬದಲಾಗುತ್ತದೆ. ತಿಂಗಳು ಕಳೆದ ಮೇಲೆ ಎಡೆ ಹೊಡೆಯಲು ಬರುವ ಎಡೆಕುಂಟೆಯ ಒಟ್ಟು ಅಗಲ ಆ ಅಂತರವನ್ನು ಮೀರಬಾರದು, ಎರಡು ಎಡೆಕುಂಟೆಗಳ ನಡುವಣ ದೂರವೂ ಅದನ್ನೇ ಅನುಸರಿಸಬೇಕು. ಹಾಗಾದರೆ 45 ಎಂಬ ಸಂಖ್ಯೆ ಯಾವ ಪಾರ್ಟಿನ ಸ್ವತ್ತು? ಕೂರಿಗೆಯದೆಂದರೆ ಎಡೆಕುಂಟೆಯ ಫೈಲು ಕೂರಿಗೆಯ ಫೈಲಿಗೆ ಜೋತುಬೀಳುತ್ತದೆ. ಎಡೆಕುಂಟೆಯದೆಂದರೆ ಉಲ್ಟಾ. ದಿಟಕ್ಕೆ ಅದು ಎರಡರದ್ದೂ ಅಲ್ಲ, ಹೊಲದ್ದು. ಇಂಥ ಅಳತೆಗಳಿಗಾಗಿ ವಿನ್ಯಾಸಕಾರರು ಮರದ ನೆತ್ತಿಯಲ್ಲಿ ಒಂದು ಬರಿಯ ಗೆರೆಚಿತ್ರ ಇಡುತ್ತಾರೆ. ಅದಕ್ಕೆ ದಪ್ಪವಿಲ್ಲ, ತೂಕವಿಲ್ಲ. ಕೆಲವು ರೇಖೆ, ಕೆಲವು ಸಮತಲ, ಕೆಲವು ಸಂಖ್ಯೆ ಅಷ್ಟೇ. ಅಸ್ಥಿಪಂಜರ ಎಂದು ಅದನ್ನು ಕರೆಯುವ ವಾಡಿಕೆ, ತಕ್ಕ ಹೆಸರೇ. ಪಾರ್ಟುಗಳೆಲ್ಲ ಅದನ್ನು ನೋಡಿ ತಮ್ಮ ಅಳತೆ ಪಡೆಯುತ್ತವೆ, ಒಂದನ್ನೊಂದು ನೋಡುವುದಿಲ್ಲ. 45ನ್ನು 30 ಮಾಡಿದರೆ ದಿಂಡಿನ ಕಂಡಿಗಳು, ಕೊಳವೆಗಳ ಓರೆ, ಕುಡದ ಉದ್ದ ಎಲ್ಲ ಒಂದೇ ಏಟಿಗೆ ಸರಿಯುತ್ತವೆ. ಮೇಲಿನಿಂದ ಕೆಳಗೆ ಎಂಬ ಈ ಕ್ರಮಕ್ಕೆ ಎದುರಾದದ್ದು ಕೆಳಗಿನಿಂದ ಮೇಲೆ: ಪಾರ್ಟುಗಳನ್ನು ಒಂದೊಂದಾಗಿ ಮುಗಿಸಿ ಆಮೇಲೆ ಕೂಡಿಸುವುದು. ನಟ್ಟು, ಬೋಲ್ಟು, ಬೇರಿಂಗಿನಂಥ ಅಂಗಡಿ ಮಾಲಿಗೆ ಈ ಎರಡನೆಯದೇ ಸರಿ. ಅವುಗಳ ಅಳತೆ ನಮ್ಮ ಮಾತು ಕೇಳುವುದಿಲ್ಲ.

ಮೇಲಿನಿಂದ ಕೆಳಗೆ ಕಟ್ಟಿದ ಮಾದರಿ ಬಲು ನಾಜೂಕು, ಮೇಲೆ ಒಂದು ಗೆರೆ ಕದಲಿದರೆ ಕೆಳಗೆ ಹತ್ತು ಪಾರ್ಟು ಕೆಂಪಾಗಿ ಕೂರುತ್ತವೆ ಎಂಬ ಆಕ್ಷೇಪ ಹಳೆಯದು, ಅದರಲ್ಲಿ ಹುರುಳೂ ಇದೆ. ತಂತ್ರಾಂಶ ಒಂದು ಘನದ ಮುಖಗಳನ್ನೂ ಅಂಚುಗಳನ್ನೂ ತಾನೇ ಎಣಿಸಿ ಹೆಸರಿಡುತ್ತದೆ, ಮುಖ 6, ಮುಖ 7 ಹೀಗೆ. ನಾವು ಮುಖ 7ರ ಮೇಲೆ ಒಂದು ತೂತು ಕೊರೆದಿದ್ದೇವೆ ಎನ್ನಿ. ಆಮೇಲೆ ಹಿಂದಿನ ಹಂತಕ್ಕೆ ಹೋಗಿ ಒಂದು ಕಚ್ಚು ಸೇರಿಸಿದರೆ ಮುಖಗಳ ಎಣಿಕೆ ಬದಲಾಗಿ ನಿನ್ನೆಯ 7 ಇಂದು 9 ಆಗಬಹುದು. ತೂತು ಎಲ್ಲೋ ಹೋಗಿ ಕೂರುತ್ತದೆ. ಫ್ರೀಕ್ಯಾಡ್ ಬಳಸುವವರು ವರ್ಷಗಟ್ಟಲೆ ಇದರೊಡನೆ ಹೆಣಗಿದ್ದಾರೆ. 2024ರ ನವೆಂಬರಿನಲ್ಲಿ ಹೊರಬಂದ 1.0 ಆವೃತ್ತಿಯಲ್ಲಿ ಇದಕ್ಕೆ ಬಹುಪಾಲು ಪರಿಹಾರ ಬಂತು, ಜೊತೆಗೆ ತಂತ್ರಾಂಶದ್ದೇ ಆದ ಅಸೆಂಬ್ಲಿ ವಿಭಾಗವೂ ಬಂತು. ಆದರೆ ಈ ಆಕ್ಷೇಪ ಹೊಡೆಯುವುದು ಮುಖಕ್ಕೆ ಜೋತುಬಿದ್ದ ಪಾರ್ಟುಗಳನ್ನು. ಅಸ್ಥಿಪಂಜರದ ರೇಖೆ, ಸಮತಲಗಳನ್ನು ನಾವೇ ಕೈಯಾರೆ ಹುಟ್ಟಿಸಿ ಹೆಸರಿಟ್ಟಿರುತ್ತೇವೆ, ಅವುಗಳ ಹೆಸರು ಎಣಿಕೆಯಿಂದ ಬಂದದ್ದಲ್ಲ. ಅವುಗಳ ಮೇಲೆ ನಿಂತ ಪಾರ್ಟು ಪಕ್ಕದ ಪಾರ್ಟಿನಲ್ಲಿ ಏನಾದರೂ ಅಲುಗುವುದಿಲ್ಲ. ನಾಜೂಕುತನಕ್ಕೆ ಕಾರಣ ಮೇಲಿನಿಂದ ಇಳಿಯುವ ಕ್ರಮವಲ್ಲ, ಪಾರ್ಟಿನಿಂದ ಪಾರ್ಟಿಗೆ ಅಡ್ಡಡ್ಡ ಎಳೆದ ಹಗ್ಗಗಳು.

ಪಾರ್ಟುಗಳನ್ನು ಕೂಡಿಸುವ ಬಗೆಯೂ ಇದೇ ದೃಷ್ಟಿಯಿಂದ ನೋಡತಕ್ಕದ್ದು. ಬಿಡಿಯಾಗಿ ತೇಲುವ ಯಾವ ವಸ್ತುವಿಗೂ ಆರು ಸ್ವಾತಂತ್ರ್ಯಗಳಿವೆ: ಮೂರು ದಿಕ್ಕಿಗೆ ಜರಗುವುದು, ಮೂರು ಅಕ್ಷದ ಸುತ್ತ ತಿರುಗುವುದು. ಜೋಡಣೆಯ ಪ್ರತಿಯೊಂದು ಷರತ್ತೂ ಇವುಗಳಲ್ಲಿ ಕೆಲವನ್ನು ಕಸಿಯುತ್ತದೆ. ಬೋಲ್ಟಿನ ಅಕ್ಷವನ್ನು ತೂತಿನ ಅಕ್ಷಕ್ಕೆ ಹೊಂದಿಸಿದರೆ ನಾಲ್ಕು ಹೋದವು, ತಲೆಯ ಅಡಿಯನ್ನು ತಗಡಿಗೆ ತಾಗಿಸಿದರೆ ಇನ್ನೊಂದು ಹೋಯಿತು. ಉಳಿದದ್ದು ತನ್ನ ಸುತ್ತ ತಾನು ತಿರುಗುವುದು. ಬೋಲ್ಟಿಗೆ ಅದು ಇರಲಿ ಎಂದು ಬಿಡುವುದೇ ಸರಿ. ಎಲ್ಲವನ್ನೂ ಬಿಗಿಯಲೇಬೇಕೆಂಬ ಹಟದಿಂದ ಷರತ್ತಿನ ಮೇಲೆ ಷರತ್ತು ಹೇರುವುದು ಹೊಸಬರ ಕೈಚಳಕ. ಒಂದು ಅಳತೆ ಬದಲಾದೊಡನೆ ಅವು ಒಂದಕ್ಕೊಂದು ಜಗಳಕ್ಕೆ ನಿಲ್ಲುತ್ತವೆ. ಮೊದಲ ಪಾರ್ಟನ್ನು ನೆಲಕ್ಕೆ ಊರಬೇಕು, ಕುಂಟೆಯಲ್ಲಾದರೆ ದಿಂಡನ್ನು. ತಾಳು, ಕುಡ ದಿಂಡಿಗೆ ಕದಲದಂತೆ ಸೇರಬೇಕು. ಈಸು ನೊಗಕ್ಕೆ ಸೇರುವುದು ಮಾತ್ರ ಹಗ್ಗದಿಂದ, ಅಲ್ಲಿ ಚೆಂಡಿನ ಕೀಲಿನಂತೆ ಎಲ್ಲ ಕಡೆಗೂ ತಿರುಗಲು ಬಿಡಬೇಕು. ಹಾಗೆ ಬಿಟ್ಟಾಗ ಮಾತ್ರ ಎತ್ತು ತುಸು ಮುಂದಾದಾಗ ಕುಂಟೆ ಏನಾಗುತ್ತದೆ ಎಂದು ಪರದೆಯ ಮೇಲೆ ಆಡಿಸಿ ನೋಡಬಹುದು.

ಬೆಳಗಾವಿಯ ಉದ್ಯಮಬಾಗಕ್ಕೆ ಬಂದರೆ ಸಂಗತಿ ಇನ್ನಷ್ಟು ಗಟ್ಟಿಯಾಗುತ್ತದೆ. ಎರಕದ ಫೌಂಡ್ರಿಗಳೂ ಮಷೀನ್ ಶಾಪುಗಳೂ ಒತ್ತೊತ್ತಾಗಿ ಬೆಳೆದ ಆ ಪ್ರದೇಶದ ಕೆಲಸದಲ್ಲಿ ಒಂದೇ ಪಾರ್ಟಿಗೆ ಮೂರು ಅವತಾರ. ಮೊದಲನೆಯದು ಪ್ಯಾಟರ್ನ್, ಮರಳಿನಲ್ಲಿ ಅಚ್ಚೊತ್ತುವ ಮಾದರಿ. ಬೂದು ಬೀಡುಕಬ್ಬಿಣ ಆರುವಾಗ ಸುಮಾರು ನೂರಕ್ಕೆ ಒಂದು ಪಾಲು ಕುಗ್ಗುವುದರಿಂದ ಪ್ಯಾಟರ್ನ್ ಅಷ್ಟು ದೊಡ್ಡದಿರಬೇಕು. ಎರಡನೆಯದು ಎರಕ ಹೊಯ್ದು ತೆಗೆದ ಒರಟು ಮಾಲು. ಲೇತಿಗೆ ಕೊಡಲು ಅದರ ಮೈಮೇಲೆ ಹೆಚ್ಚಿನ ಪದರ ಇರುತ್ತದೆ. ಮೂರನೆಯದು ಕೊರೆದು, ಕೆತ್ತಿ, ನುಣುಪಾಗಿಸಿದ ಮುಗಿದ ಪಾರ್ಟು. ಮೂರೂ ಕೈಗೆ ಸಿಗುವ ಬೇರೆ ಬೇರೆ ವಸ್ತುಗಳು, ಮೂವರ ಕೆಲಸ. ಮುಗಿದ ಪಾರ್ಟನ್ನಷ್ಟೇ ರಚಿಸಿ ಫೌಂಡ್ರಿಗೆ ಕಳಿಸಿದರೆ ಅಲ್ಲಿಯವರು ತಾವೇ ಮತ್ತೊಂದು ಫೈಲು ಮಾಡಿಕೊಳ್ಳುತ್ತಾರೆ. ಅಲ್ಲಿಂದ ಎರಡು ಫೈಲುಗಳ ದಾರಿ ಬೇರೆಯಾಯಿತು. ಒರಟು ಮಾಲಿನ ಫೈಲಿನಿಂದ ಮುಗಿದ ಪಾರ್ಟನ್ನು ಹುಟ್ಟಿಸಿ, ಅದೇ ಫೈಲನ್ನು ಕುಗ್ಗುವಿಕೆಯ ಗುಣಕದಿಂದ ಹಿಗ್ಗಿಸಿ ಪ್ಯಾಟರ್ನ್ ಹೊರಡಿಸುವುದು ಜಾಣತನ. ಒಂದು ತಿದ್ದುಪಡಿ ಮೂರಕ್ಕೂ ಹರಿಯುತ್ತದೆ.

ಆದರೆ ಮಷೀನ್ ಶಾಪಿನಲ್ಲಿ ನಮ್ಮ ನಿಯಮಕ್ಕೆ ಒಂದು ಒಳ್ಳೆಯ ಸವಾಲೂ ಸಿಗುತ್ತದೆ. ಬೆಳಗಾವಿಯಲ್ಲೇ ಕೇಂದ್ರ ಕಚೇರಿ ಇರುವ, 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮೆಕ್ಯಾನಿಕಲ್ ವಿದ್ಯಾರ್ಥಿಗಳು ಮಷೀನ್ ಡ್ರಾಯಿಂಗಿನಲ್ಲಿ ಸ್ಕ್ರೂ ಜಾಕ್, ಮಷೀನ್ ವೈಸ್, ಲೇತಿನ ಟೇಲ್‌ಸ್ಟಾಕ್, ಎಂಜಿನ್ನಿನ ಕನೆಕ್ಟಿಂಗ್ ರಾಡ್‌ಗಳ ಜೊತೆಗೆ ಪ್ಲಮ್ಮರ್ ಬ್ಲಾಕನ್ನೂ ಜೋಡಿಸಿ ಕಲಿತವರು. ತಿರುಗುವ ದಂಡವನ್ನು ಹೊತ್ತು ನಿಲ್ಲುವ ಆ ಪೀಠಕ್ಕೆ ಕೆಳಗೆ ಬೀಡಿನ ಅಡಿಪಾಯ, ಮೇಲೆ ಮುಚ್ಚಳ, ನಡುವೆ ಎರಡು ಹೋಳಾದ ಬ್ರಾಸ್, ಅವನ್ನು ಬಿಗಿಯಲು ಎರಡು ಚೌಕತಲೆಯ ಬೋಲ್ಟು, ನಟ್ಟು ಮತ್ತು ಲಾಕ್ ನಟ್ಟು. ಪಾಠದಲ್ಲಿ ಅಡಿಪಾಯಕ್ಕೊಂದು ಅರ್ಧವೃತ್ತ, ಮುಚ್ಚಳಕ್ಕೊಂದು ಅರ್ಧವೃತ್ತ ಬರೆದು ಕೂಡಿಸುತ್ತಾರೆ. ಶಾಪಿನಲ್ಲಿ ಹಾಗೆ ಮಾಡಿದರೆ ಎರಡು ಅರ್ಧಗಳು ಕೂಡಿ ಒಂದು ದುಂಡು ಆಗುವುದು ಅಪರೂಪ. ಅಡಿಪಾಯಕ್ಕೆ ಮುಚ್ಚಳವನ್ನು ಬಿಗಿದು ಎರಡನ್ನೂ ಒಟ್ಟಿಗೆ ಬೋರ್ ಹೊಡೆಯುತ್ತಾರೆ. ಆ ತೂತು ಅಡಿಪಾಯದ್ದೂ ಅಲ್ಲ, ಮುಚ್ಚಳದ್ದೂ ಅಲ್ಲ; ಜೋಡಣೆಯದು. ಕನೆಕ್ಟಿಂಗ್ ರಾಡಿನ ದೊಡ್ಡ ತುದಿಯೂ ಹಾಗೆಯೇ, ಒಂದರ ಮುಚ್ಚಳ ಇನ್ನೊಂದಕ್ಕೆ ಹೊಂದದು. ಮೆಕ್ಯಾನಿಕ್‌ಗಳು ಬಿಚ್ಚುವ ಮೊದಲೇ ಜೋಡಿಗೆ ಗುರುತು ಹಾಕಿಕೊಳ್ಳುವುದು ಇದಕ್ಕೇ. ಪಾರ್ಟಿನ ಗಡಿ ಹಿಡಿದು ಮರ ಕಟ್ಟಿದರೆ ಇಂಥ ತೂತಿಗೆ ಜಾಗವಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಕು. ಅದಕ್ಕೆಂದೇ ಅಸೆಂಬ್ಲಿ ಮಟ್ಟದಲ್ಲಿ ಕೊರೆಯುವ ಸವಲತ್ತನ್ನು ತಂತ್ರಾಂಶಗಳು ಇಟ್ಟಿವೆ. ಹಾಗೆ ಕೊರೆದ ಮೇಲೆ ಅಡಿಪಾಯದ ಬಿಡಿ ಫೈಲನ್ನು ತೆರೆದರೆ ತೂತು ಕಾಣುವುದಿಲ್ಲ. ಮುನಿಸಿಕೊಳ್ಳಬೇಕಿಲ್ಲ, ಬಿಡಿಯಾಗಿ ಅದರಲ್ಲಿ ಮುಗಿದ ತೂತು ಇರುವುದೂ ಇಲ್ಲ. ಬದಲಾವಣೆ ಯಾವ ಮಟ್ಟದಲ್ಲಿ ನಡೆಯುತ್ತದೋ ಆ ಮಟ್ಟದಲ್ಲಿ ಬರೆಯಬೇಕು ಎಂಬ ನಿಯಮ ಇಲ್ಲಿ ಮುರಿದಿಲ್ಲ, ಪಾರ್ಟಿನಿಂದ ಒಂದು ಮೆಟ್ಟಿಲು ಮೇಲೆ ಹತ್ತಿದೆ ಅಷ್ಟೇ.

ಕಂಪ್ಯೂಟರಿಗಿಂತ ಮೊದಲೇ ಈ ತಿಳಿವಳಿಕೆ ಇತ್ತು ಎಂಬುದಕ್ಕೆ ಇದೇ ಸೀಮೆಯ ಸಾಕ್ಷ್ಯವಿದೆ. 1869ರಲ್ಲಿ ಸವದತ್ತಿ ಬಳಿಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಚಿತ್ರಕಲೆ ಕಲಿಯಲು ಹೋದವರು. ಬಣ್ಣಗಳ ಗುರುತು ಸರಿಯಾಗಿ ಹತ್ತದೆ ಯಂತ್ರಚಿತ್ರಣದ ಕಡೆ ತಿರುಗಿದರು, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸಿದರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲಿನವರೆಗೆ ಬಂದು, 1910ರಲ್ಲಿ ಆ ಊರು ಬಿಟ್ಟು ಮುಂದೆ ಕಿರ್ಲೋಸ್ಕರವಾಡಿ ಎಂದು ಹೆಸರಾದ ಜಾಗಕ್ಕೆ ಹೋದರು. ಕಾರ್ಖಾನೆಯ ನೇಗಿಲಿಗೂ ಬಡಿಗ ಮಾಡಿದ ನೇಗಿಲಿಗೂ ಇರುವ ದೊಡ್ಡ ಅಂತರ ಕಬ್ಬಿಣವೊಂದೇ ಅಲ್ಲ. ಕಾರ್ಖಾನೆಯ ನೇಗಿಲಿನ ಮೊನೆ ಸವೆದರೆ ಹೊಸ ಮೊನೆ ಅದೇ ತೂತುಗಳಿಗೆ ಕೂರಬೇಕು, ಊರು ಎಷ್ಟೇ ದೂರವಿರಲಿ. ಪ್ರತಿ ಪಾರ್ಟಿಗೂ ಬೇರೆ ಡ್ರಾಯಿಂಗು, ಎಲ್ಲ ಕೂಡಿದ್ದಕ್ಕೆ ಒಂದು ಒಟ್ಟು ಡ್ರಾಯಿಂಗು, ಅದರ ಮೂಲೆಯಲ್ಲಿ ಪಾರ್ಟುಗಳ ಪಟ್ಟಿ: ಕಾಗದದ ಕಾಲದ ಈ ಪದ್ಧತಿಯೇ ಇಂದು ಪರದೆಯ ಮೇಲೆ ಮರವಾಗಿದೆ.

ಸಣ್ಣ ಕೆಲಸಕ್ಕೆ ಇಷ್ಟೆಲ್ಲ ರಗಳೆ ಏಕೆ, ಒಂದೇ ಫೈಲಿನಲ್ಲಿ ಎಲ್ಲ ಬರೆದರೆ ಸಾಲದೇ ಎಂಬ ಮಾತಿಗೂ ಉತ್ತರ ಇದೇ ನಿಯಮದಲ್ಲಿದೆ. ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಟ್ರೇಲರಿನ ಚಾಸಿ ನೋಡಿ. ಚಾನಲ್ಲು, ಆಂಗಲ್ಲು, ತಗಡು ಎಂದು ಹತ್ತಾರು ತುಂಡುಗಳಿದ್ದರೂ ಬೆಸುಗೆ ಆದ ಮೇಲೆ ಅದು ಒಂದೇ, ಯಾರೂ ಬಿಚ್ಚುವುದಿಲ್ಲ. ಇಂಥದನ್ನು ಒಂದೇ ಪಾರ್ಟು ಫೈಲಿನಲ್ಲಿ ಹಲವು ಘನಗಳಾಗಿ ಬರೆದು, ಎಷ್ಟು ಉದ್ದದ ಎಷ್ಟು ತುಂಡು ಕತ್ತರಿಸಬೇಕೆಂಬ ಪಟ್ಟಿಯನ್ನು ಅದರಿಂದಲೇ ತೆಗೆಯುವುದು ಒಳ್ಳೆಯ ಕ್ರಮ. ಪ್ರತಿ ಆಂಗಲ್ಲಿಗೂ ಫೈಲು ಮಾಡಿ ಅಸೆಂಬ್ಲಿ ಕಟ್ಟುವುದು ಮಡಿವಂತಿಕೆ. ಆದರೆ ಅದೇ ಟ್ರೇಲರಿನ ಅಚ್ಚು, ಗಾಲಿ, ಕೊಂಡಿ ಬೇರೆ ಟ್ರೇಲರಿಗೂ ಹೋಗುತ್ತವೆ, ಬಿಚ್ಚಿ ಬದಲಾಗುತ್ತವೆ. ಅವು ಹೊರಗೇ ಇರಬೇಕು. ಒಂದು ವಸ್ತು ಎರಡನೆಯ ಕಡೆ ಬೇಕಾದ ಕ್ಷಣಕ್ಕೆ ಒಂದೇ ಫೈಲಿನ ಸುಖ ಮುಗಿಯುತ್ತದೆ.

ಹೆಸರಿನ ಪ್ರಶ್ನೆ ಮೇಲುನೋಟಕ್ಕೆ ಕಾಣುವಷ್ಟು ಸಣ್ಣದಲ್ಲ. ಸಾಲಿಡ್‌ವರ್ಕ್ಸ್‌ನಂಥ ತಂತ್ರಾಂಶದಲ್ಲಿ ಅಸೆಂಬ್ಲಿ ತನ್ನ ಪಾರ್ಟನ್ನು ಹುಡುಕುವುದು ಫೈಲಿನ ಹೆಸರು ಹಿಡಿದು. ಫೋಲ್ಡರಿನಲ್ಲಿ ನೇರವಾಗಿ ಹೆಸರು ಬದಲಿಸಿದರೆ ಅಸೆಂಬ್ಲಿ ತೆರೆದಾಗ ಪಾರ್ಟು ಕಾಣೆ. ಹಳೆಯದು, ಹೊಸದು, ಫೈನಲ್, ಫೈನಲ್ 2 ಎಂದು ಹೆಸರು ಬೆಳೆಸುತ್ತ ಹೋದವರಿಗೆ ಈ ಸಂಕಟ ಗೊತ್ತು. ಫ್ರೀಕ್ಯಾಡ್ ಇಲ್ಲಿ ಒಂದು ಚೆಂದದ ಏರ್ಪಾಡು ಮಾಡಿಕೊಂಡಿದೆ. ಪ್ರತಿ ವಸ್ತುವಿಗೂ ಎರಡು ಹೆಸರು: ಹುಟ್ಟಿದಾಗ ಬಂದ, ಬದಲಾಗದ, ರೋಮನ್ ಅಕ್ಷರದ ಒಳಹೆಸರು ಒಂದು, ನಮಗೆ ಬೇಕಾದಂತೆ ಬದಲಿಸಬಹುದಾದ ಚೀಟಿಹೆಸರು ಇನ್ನೊಂದು. ಚೀಟಿಯ ಮೇಲೆ ದಿಂಡು, ಕುಡ, ಮೇಳಿ ಎಂದು ಕನ್ನಡದಲ್ಲೇ ಬರೆಯಬಹುದು. ಒಂದು ಊರಿನ ಮೇಳಿ ಇನ್ನೊಂದು ಊರಿನ ಮೇಣಿ, ಕೂರಿಗೆ ಕೂರಿಗಿಯಾಗುತ್ತದೆ; ಗುರುತು ಒಳಹೆಸರಿನಲ್ಲಿ ಇರುವುದರಿಂದ ಚೀಟಿ ಬದಲಾದರೂ ಮರ ಬೀಳದು. ಕಾರ್ಖಾನೆಗಳಲ್ಲಿ ಅರ್ಥವಿಲ್ಲದ ಕ್ರಮಸಂಖ್ಯೆಯನ್ನು ಪಾರ್ಟಿಗೆ ಕೊಡಬೇಕೆಂಬ ಪಕ್ಷ ಇರುವುದೂ ಇದಕ್ಕೇ. ಸಂಖ್ಯೆಯೊಳಗೆ ಸಾಮಗ್ರಿ, ಗಾತ್ರ, ಗಿರಾಕಿಯ ಗುರುತು ತುಂಬಿದರೆ ಓದಲು ಹಿತ. ಸಾಮಗ್ರಿ ಬದಲಾದ ದಿನ ಅದೇ ಸಂಖ್ಯೆ ಸುಳ್ಳು ಹೇಳತೊಡಗುತ್ತದೆ. ಪರಿಷ್ಕರಣೆಗೂ ಒಂದು ಗೆರೆ ಉಂಟು: ತಿದ್ದಿದ ಪಾರ್ಟು ಹಳೆಯದರ ಜಾಗದಲ್ಲಿ ತಕರಾರಿಲ್ಲದೆ ಕೂರುವುದಾದರೆ ಅದೇ ಸಂಖ್ಯೆ, ಮುಂದಿನ ಪರಿಷ್ಕರಣೆ. ಕೂರದಿದ್ದರೆ ಹೊಸ ಸಂಖ್ಯೆ. ಹುಕ್ಕೇರಿ ತಾಲೂಕಿನ ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ಏಕಸ್ ಸಂಸ್ಥೆ ಏರ್‌ಬಸ್, ಬೋಯಿಂಗ್‌ಗಳಿಗೆ ಬಿಡಿಭಾಗ ತಯಾರಿಸುತ್ತದೆ. ಇಂಥ ಪೂರೈಕೆಯಲ್ಲಿ ಪಾರ್ಟು ಇಲ್ಲಿ, ಅದರ ಮರ ಸಾವಿರಾರು ಮೈಲಿ ಆಚೆ. ನಡುವಣ ಕೊಂಡಿ ಸಂಖ್ಯೆ ಮತ್ತು ಪರಿಷ್ಕರಣೆಯೇ.

ವಿಮಾನಗಳ ಲೋಕದಲ್ಲಿ ಮರದ ಬೆಲೆ ಎಷ್ಟೆಂದು ಅಳೆಯಬಹುದು. ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ವಿನ್ಯಾಸಗೊಂಡ ಮೊದಲ ಪ್ರಯಾಣಿಕ ಜೆಟ್ ಎನಿಸಿದ, 1994ರಲ್ಲಿ ಹಾರಿದ ಬೋಯಿಂಗ್ 777ರಲ್ಲಿ ಬಿಗಿಯುವ ಮೊಳೆಗಳೂ ಸೇರಿ ಸುಮಾರು 30 ಲಕ್ಷ ಭಾಗಗಳಿದ್ದವು; ಅವೆಲ್ಲ ಕಾಟಿಯಾದಲ್ಲಿ ಮೊದಲು ಪರದೆಯ ಮೇಲೆ ಕೂಡಿಕೊಂಡವು, ಒಂದಕ್ಕೊಂದು ತಾಗುವ ಜಾಗಗಳು ಅಲ್ಲೇ ಸಿಕ್ಕಿಬಿದ್ದವು. ಏರ್‌ಬಸ್ ಎ380ರಲ್ಲಿ ಜರ್ಮನಿಯ ತಂಡ ಕಾಟಿಯಾದ 4ನೇ ಆವೃತ್ತಿ ಬಳಸಿದರೆ ಫ್ರಾನ್ಸಿನ ತಂಡ 5ನೆಯದನ್ನು ಬಳಸಿತು. ಸುಮಾರು 530 ಕಿಲೋಮೀಟರ್ ತಂತಿ ಇದ್ದ ಆ ವಿಮಾನದಲ್ಲಿ ಹ್ಯಾಂಬರ್ಗಿನಿಂದ ಬಂದ ತಂತಿಕಟ್ಟುಗಳು ಟುಲೂಸಿನಲ್ಲಿ ಹೊಂದಲಿಲ್ಲ. 2006ರಲ್ಲಿ ಏರ್‌ಬಸ್ ವಿಳಂಬವನ್ನು ಸಾರಬೇಕಾಯಿತು, ಮೊದಲ ವಿಮಾನ ಸಿಂಗಪುರ ಏರ್‌ಲೈನ್ಸ್ ಕೈಗೆ ಬಂದದ್ದು 2007ರ ಅಕ್ಟೋಬರಿನಲ್ಲಿ. ಈಗ ಎಲ್ಲವನ್ನೂ ಹುಡುಕು ಪೆಟ್ಟಿಗೆಯಲ್ಲಿ ಟೈಪಿಸಿ ಹುಡುಕಬಹುದು, ಮರದ ಶಿಸ್ತು ಹಳೆಯ ಕಾಲದ್ದು ಎನ್ನುವವರು ಈ ಪ್ರಸಂಗ ನೋಡಬೇಕು. ಅಲ್ಲಿ ಪಾರ್ಟುಗಳು ಕಳೆದುಹೋಗಿರಲಿಲ್ಲ. ಒಂದು ಕಡೆ ಆದ ಬದಲಾವಣೆ ಇನ್ನೊಂದು ಕಡೆಗೆ ಹರಿಯುವ ದಾರಿ ಕಡಿದಿತ್ತು. ಮರದ ರೂಪವನ್ನು ಸಾಮಗ್ರಿಯೂ ನಿರ್ಧರಿಸುತ್ತದೆ. ಬೆಂಗಳೂರಿನಲ್ಲಿ 1984ರಲ್ಲಿ ಹುಟ್ಟಿದ ವೈಮಾನಿಕ ಅಭಿವೃದ್ಧಿ ಸಂಸ್ಥೆ, ಎಡಿಎ, ತೇಜಸ್ ಯುದ್ಧವಿಮಾನದ ಸಂಯುಕ್ತ ಪದರಗಳ ವಿನ್ಯಾಸಕ್ಕೆ ಆಟೋಲೇ ಎಂಬ ತನ್ನದೇ ತಂತ್ರಾಂಶ ಬರೆಯಿತು. ಪದರ ಹಾಸಿ ಮಾಡುವ ಪಾರ್ಟಿನೊಳಗೆ ಇನ್ನೊಂದು ಮರವೇ ಇರುತ್ತದೆ, ಯಾವ ಪದರ ಯಾವ ಕೋನದಲ್ಲಿ ಎಂದು. ಲೋಹದಲ್ಲಿ ಹಲವು ತುಂಡು ರಿವೆಟ್ ಹೊಡೆದು ಆಗುವುದು ಸಂಯುಕ್ತದಲ್ಲಿ ಒಂದೇ ಆಗಬಹುದು. ಪಾರ್ಟಿನ ಗಡಿಯನ್ನೇ ಸಾಮಗ್ರಿ ಸರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಒಂದು ಆಕ್ಷೇಪಕ್ಕೆ ಪೂರ್ತಿ ಉತ್ತರವಿಲ್ಲ. ವಿನ್ಯಾಸಕಾರನಿಗೆ ಬೇಕಾದ ಮರ ಬೇರೆ, ಜೋಡಿಸುವವನಿಗೆ ಬೇಕಾದದ್ದು ಬೇರೆ, ಬಿಡಿಭಾಗ ಮಾರುವವನಿಗೆ ಬೇಕಾದದ್ದು ಇನ್ನೂ ಬೇರೆ. ಪ್ಲಮ್ಮರ್ ಬ್ಲಾಕಿನ ಬೋಲ್ಟು ವಿನ್ಯಾಸದ ಮರದಲ್ಲಿ ಮುಚ್ಚಳದ ಪಕ್ಕ ಇರುತ್ತದೆ. ಉಗ್ರಾಣದಲ್ಲಿ ಅದು ಬೋಲ್ಟುಗಳ ಡಬ್ಬಿಯಲ್ಲಿ. ಮಾರುವ ಪಟ್ಟಿಯಲ್ಲಿ ಬಹುಶಃ ಇರುವುದೇ ಇಲ್ಲ. ದೊಡ್ಡ ಕಾರ್ಖಾನೆಗಳು ಟೀಮ್‌ಸೆಂಟರ್, ವಿಂಡ್‌ಚಿಲ್‌ನಂಥ ವ್ಯವಸ್ಥೆಗಳಲ್ಲಿ ಒಂದೇ ಪಾರ್ಟುಗಳ ಮೇಲೆ ಎರಡು ಮೂರು ಮರಗಳನ್ನು ಸಾಕುತ್ತವೆ. ಇಬ್ಬರು ಮೂವರು ಕೆಲಸ ಮಾಡುವ ಶಾಪಿಗೆ ಅದು ಎಟುಕುವುದಿಲ್ಲ. ಅಲ್ಲಿ ಒಂದೇ ಮರ ಸಾಧ್ಯವಾದರೆ, ಹೆಚ್ಚು ಸಲ ಬದಲಿಸುವವನ ಮರವನ್ನು ಇಟ್ಟುಕೊಂಡು ಉಳಿದವರಿಗೆ ಪಟ್ಟಿ ಹೊರಡಿಸಿ ಕೊಡುವುದು ಕಡಿಮೆ ನಷ್ಟದ ದಾರಿ.

ಮರ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋಗುವಾಗ ಏನು ಉಳಿಯುತ್ತದೆ ಎಂಬುದನ್ನೂ ನೋಡಬೇಕು. ಇದಕ್ಕಾಗಿ 1994ರಿಂದ ಸ್ಟೆಪ್ ಎಂಬ ಅಂತರರಾಷ್ಟ್ರೀಯ ಕಡತಕ್ರಮ ಇದೆ, ಐಎಸ್‌ಒ 10303 ಅದರ ಸಂಖ್ಯೆ. ಕುಂಟೆಯನ್ನು ಸ್ಟೆಪ್‌ನಲ್ಲಿ ಹೊರಡಿಸಿ ಬೇರೆಡೆ ತೆರೆದರೆ ದಿಂಡು, ತಾಳು, ಕುಡ ತಮ್ಮ ತಮ್ಮ ಜಾಗದಲ್ಲಿ ಇರುತ್ತವೆ, ಉಪಜೋಡಣೆಗಳ ಕೊಂಬೆಗಳೂ ಸಾಮಾನ್ಯವಾಗಿ ಉಳಿಯುತ್ತವೆ. ಆದರೆ ಈಸು ನೊಗಕ್ಕೆ ಚೆಂಡಿನ ಕೀಲಿನಂತೆ ಸೇರಿತ್ತು ಎಂಬುದು ಅಲ್ಲಿಗೆ ತಲುಪುವುದಿಲ್ಲ. ಅಸ್ಥಿಪಂಜರದಿಂದ ಇಳಿದ ಅಳತೆಗಳ ನೆನಪೂ ಇಲ್ಲ. ದಿಂಡಿನ ಕಂಡಿಗಳು ಇದ್ದಲ್ಲಿ ಇವೆ, ಏಕೆ ಅಲ್ಲಿವೆ ಎಂದು ಹೇಳುವವರಿಲ್ಲ. ಹೀಗಾಗಿ ಮಾದರಿಯನ್ನು ಬೇರೆಯವರಿಗೆ ಕೊಡುವವರು ಸ್ಟೆಪ್ ಕಡತದ ಜೊತೆ ಮೂಲ ಫೈಲನ್ನೂ, ಒಂದು ಸಾದಾ ಡ್ರಾಯಿಂಗನ್ನೂ ಇಡುವುದು ರೂಢಿ. ಆ ಡ್ರಾಯಿಂಗಿನ ಟಿಪ್ಪಣಿಯಲ್ಲಿ ಒಂದು ಸಾಲು ಸಾಕು: ಜೋಳಕ್ಕೆ ಸಾಲಿನ ಅಂತರ 45, ಕಡಲೆಗೆ 30, ತಾಳುಗಳ ಕಂಡಿ ಅದರಂತೆ.